ಅಂಟಿನ ನಂಟು

ಜೂನ್ 8, ಭಾನುವಾರ

ಆತ್ಮಸಾಕ್ಷಿಯನ್ನೂ ಭಾರತೀಯ ನ್ಯಾಯ ಸಂಹಿತೆಯನ್ನೂ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಈ ದಿನ ಮಧ್ಯಾಹ್ನ ಸುಮಾರು ಎರಡೂಕಾಲು ಗಂಟೆಗೆ, ಎಚ್.ಡಿ. ಕೋಟೆ ತಾಲ್ಲೂಕು ಹಂಪಾಪುರದಲ್ಲಿ, ಮಾವನವರು ಉಂಡು ಜಗಲಿಯ ಮೇಲೆ ಅಡ್ಡಾಗಿದ್ದ ಹೊತ್ತಿನಲ್ಲಿ, ಐವತ್ಮೂರು ವರ್ಷದ ಕನಕರಾಜು ಎಂಬ ನಾನು, ಹುಣಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಹೇಳುವ ಗೌರವಸ್ಥ, ನನ್ನ ಹೆಂಡತಿಯ ಅಜ್ಜಿಯನ್ನು ಕದ್ದೆ.

ಅಜ್ಜಿ ಕುಳ್ಳಮ್ಮ ತೀರಿಕೊಂಡು ಮೂವತ್ತು ವರ್ಷವಾಯಿತು. ಕದ್ದದ್ದು ನಡುಮನೆಯ ಗೋಡೆಯ ಮೇಲಿದ್ದ ಅವರ ಫೋಟೋ. ಕುಂಕುಮದ ಸಮೇತ, ಒಣಗಿದ ಹಾರದ ಸಮೇತ ಇಳಿಸಿ ಚೀಲದೊಳಗಿಟ್ಟೆ, ಮೇಲೆ ಮಾವನವರೇ ಕೊಟ್ಟ ಬಾಳೆಹಣ್ಣಿನ ಚಿಪ್ಪುಗಳನ್ನು ಹೊದಿಸಿದೆ. ಅವರೇ ಎದ್ದು ಬಂದು ಚೀಲವನ್ನು ಬಸ್ಸಿನ ತನಕ ಹೊತ್ತರು.

‘ಬಾಳೆಹಣ್ಣು ಇಷ್ಟು ಭಾರ ಬಂದ್ವಾ ಅಳಿಯಂದ್ರೆ?’

‘ಎಲ್ಲಾ ನಿಮ್ಮ ತಾಯಿಯವರ ಆಶೀರ್ವಾದ ಮಾವ’ ಎಂದೆ. ಇಷ್ಟು ಅಪ್ಪಟ ಸತ್ಯವನ್ನು ನಾನು ಇತ್ತೀಚೆಗೆ ಆಡಿದ್ದಿಲ್ಲ.

ಕಾರಣವಿಲ್ಲದೆ ಕದಿಯುವವನು ಕಳ್ಳ, ಕಾರಣವಿದ್ದು ಕದಿಯುವವನು ಸಂಶೋಧಕ. ನನ್ನ ಕಾರಣ ಹೀಗಿದೆ. ಮಗಳು ಹರ್ಷಿತಾಳಿಗೆ ಹದಿನೆಂಟು ವರ್ಷ, ಮೂವತ್ತಾರು ಕೆ.ಜಿ. ಎರಡು ವರ್ಷದಿಂದ ಹೊಟ್ಟೆಯುಬ್ಬರ, ಭೇದಿ, ಸುಸ್ತು. ಜಂತುಹುಳದ ಮಾತ್ರೆ, ರಕ್ತ ಹೆಚ್ಚುವ ಮಾತ್ರೆ, ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆಯುವುದು, ಎಲ್ಲ ಆಯಿತು. ಕೊನೆಗೆ ಮೈಸೂರಿನ ಡಾಕ್ಟರ್ ರಮ್ಯಾ ರಕ್ತ ಪರೀಕ್ಷಿಸಿ, ಬಾಯಿಯಿಂದ ಕೊಳವೆ ಇಳಿಸಿ ಕರುಳು ನೋಡಿ, ಮೊನ್ನೆ ಶುಕ್ರವಾರ ಹೆಸರು ಹೇಳಿದರು: ಸೀಲಿಯಾಕ್. ಹೆಸರಿನ ಕೊನೆಯಲ್ಲೇ ‘ಯಾಕ್’ ಇದೆ. ಅಂದಿನಿಂದ ಮನೆಯಲ್ಲಿ ಎಲ್ಲರೂ ಕೇಳುತ್ತಿರುವುದೂ ಅದನ್ನೇ.

ಡಾಕ್ಟರು ಬಿಡಿಸಿ ಹೇಳಿದರು. ಮೈಯ ಕಾವಲಿಗೆಂದು ಇರುವ ಪಡೆ ದಾರಿ ತಪ್ಪಿ ಮನೆಯವರನ್ನೇ ಹೊಡೆಯುವ ಕಾಯಿಲೆ ಇದು. ಹೊಡೆತ ಬೀಳುವುದು ಕರುಳಿಗೆ, ನೆಪ ಗೋಧಿ. ‘ಗೋಧಿಹಿಟ್ಟು ಕಲಸಿದ್ರೆ ಎಳೆ ಎಳೆಯಾಗಿ ಅಂಟಂಟು ಬರುತ್ತಲ್ಲ, ಆ ಅಂಟೇ ಇವಳಿಗೆ ಶತ್ರು. ಚಪಾತಿ, ಮೈದಾ, ರವೆ, ಬ್ರೆಡ್ಡು, ಬಿಸ್ಕತ್ತು ಜನ್ಮಪೂರ್ತಿ ಬೇಡ. ರಾಗಿ, ಅಕ್ಕಿ, ಜೋಳ ಹೊಟ್ಟೆ ತುಂಬ ತಿನ್ನಲಿ. ಇವಳ ಹಿಟ್ಟಿನ ಡಬ್ಬಿ, ಪಾತ್ರೆಗೆ ಗೋಧಿ ಸೋಕದ ಹಾಗೆ ಬೇರೆ ಇಡಿ’ ಎಂದರು. ಆಮೇಲೆ ಪೆನ್ನು ಹಿಡಿದು, ‘ಇದು ವಂಶದಲ್ಲಿ ಬರೋದು. ಮನೆಯಲ್ಲಿ ಯಾರಿಗಾದ್ರೂ ಗೋಧಿ ಆಗದೇ ಇರೋದು? ಥೈರಾಯ್ಡು, ತೊನ್ನು, ಕೀಲುವಾತ, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ? ಇವೆಲ್ಲ ಒಂದಕ್ಕೊಂದು ದಾಯಾದಿಗಳು’ ಎಂದು ಕೇಳಿದರು.

ಹೆಂಡತಿ ರಾಣಿ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ: ‘ನಮ್ಮ ಕಡೆ ಯಾರಿಗೂ ಇಲ್ಲ ಡಾಕ್ಟ್ರೇ. ನಮ್ಮದು ಕೆ.ಆರ್. ನಗರದ ಕಡೆ ಮಿರ್ಲೆ. ಮಿರ್ಲೆ ಹೊಟ್ಟೆಗೆ ಕಲ್ಲು ಹಾಕಿದರೆ ಮರಳಾಗಿ ಬರುತ್ತೆ.’

ಮಿರ್ಲೆ ಅಲ್ಲವೆಂದ ಮೇಲೆ ಉಳಿದದ್ದು ಹಂಪಾಪುರ. ಆಗ ನೆನಪಾಯಿತು, ಕುಳ್ಳಮ್ಮನ ಫೋಟೋ. ಆಕೆಯ ಕುತ್ತಿಗೆಯಲ್ಲಿ ನಿಂಬೆಹಣ್ಣಿಗಿಂತ ದೊಡ್ಡದಾದ, ಬೇಲದ ಹಣ್ಣಿಗಿಂತ ಚಿಕ್ಕದಾದ ಒಂದು ಗಂಟು. ಥೈರಾಯ್ಡ್ ಅಲ್ಲದೆ ಇನ್ನೇನು? ಸಾಕ್ಷಿ ಈಗ ನನ್ನ ಬೀರುವಿನಲ್ಲಿ, ಉಣ್ಣೆಯ ಸ್ವೆಟರಿನ ಕೆಳಗೆ ಬೆಚ್ಚಗಿದೆ.

ಜೂನ್ 10, ಮಂಗಳವಾರ

ಗೋಧಿಯನ್ನು ಮನೆಯಿಂದ ಗಡಿಪಾರು ಮಾಡಲಾಯಿತು. ಶ್ಯಾವಿಗೆ, ಚಿರೋಟಿ ರವೆ, ರಸ್ಕು, ಎಲ್ಲವೂ ಪಕ್ಕದ ಮನೆಗೆ. ರಾಣಿ ಮುದ್ದೆ ಕೋಲನ್ನು ಅಟ್ಟದಿಂದ ಇಳಿಸಿ ತೊಳೆದಳು. ನಮ್ಮ ಮನೆಯಲ್ಲಿ ರಾತ್ರಿ ಮುದ್ದೆ ನಿಂತು ಮೂರು ವರ್ಷವಾಗಿತ್ತು. ನಿಲ್ಲಿಸಿದವನು ನಾನೇ. ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಯಲ್ಲೂ ಚಪಾತಿ, ನನ್ನದೊಂದರಲ್ಲಿ ಮುದ್ದೆ. ಸ್ಥಾನಮಾನಕ್ಕೆ ತಕ್ಕ ಹಿಟ್ಟು ಬೇಡವೇ ಎಂದು ಚಪಾತಿಯನ್ನು ಮನೆತುಂಬಿಸಿಕೊಂಡೆ.

‘ಅಂದ್ರೆ ಅಪ್ಪ, ನಾವು ಮುದ್ದೇನೇ ತಿನ್ಕೊಂಡಿದ್ರೆ ನಂಗೆ ಇಷ್ಟಾಗ್ತಿರ್ಲಿಲ್ಲ’ ಎಂದಳು ಹರ್ಷಿತಾ.

‘ಬೆಂಕಿಕಡ್ಡಿ ನಾನು ಗೀರಿರಬಹುದು ಮಗಳೇ. ಸೀಮೆಎಣ್ಣೆ ಹಂಪಾಪುರದ್ದು’ ಎಂದೆ.

ರಾಣಿ ಮುದ್ದೆ ತೊಳಸುತ್ತಿದ್ದ ಕೋಲನ್ನು ಒಂದು ಗಳಿಗೆ ನಿಲ್ಲಿಸಿದಳು. ಮತ್ತೆ ತೊಳಸಿದಳು, ಕೊಂಚ ಜೋರಾಗಿ.

ವಂಶವಾಹಿಗೆ ಇಂಗ್ಲಿಷಿನಲ್ಲಿ ಜೀನ್ ಎನ್ನುತ್ತಾರೆ. ಕನ್ನಡದ ಜೀನನೂ ಅವನೇ. ತಾನು ಅನುಭವಿಸದೆ ಗಂಟುಕಟ್ಟಿ ಇಟ್ಟು, ಮುಂದಿನವರ ತಲೆಗೆ ಕಟ್ಟಿ ಹೋಗುತ್ತಾನೆ. ನಾಳೆ ಸ್ಟಾಫ್ ರೂಮಿನಲ್ಲಿ ಬಿಡಬೇಕು ಇದನ್ನು.

ಮಗಳಿಗೆ ಜೊತೆಯಾಗಿ ಇನ್ನು ನಾನೂ ಗೋಧಿ ಮುಟ್ಟುವುದಿಲ್ಲ ಎಂದು ಅಗ್ನಿಸಾಕ್ಷಿಯಾಗಿ, ಅಂದರೆ ಗ್ಯಾಸ್ ಒಲೆಯ ಮುಂದೆ, ಪ್ರತಿಜ್ಞೆ ಮಾಡಿದೆ.

ಜೂನ್ 13, ಶುಕ್ರವಾರ

ಪ್ರತಿಜ್ಞೆಯ ವ್ಯಾಪ್ತಿ ಮನೆಯ ಹೊಸ್ತಿಲವರೆಗೆ ಮಾತ್ರ ಎಂದು ಇಂದು ವ್ಯಾಖ್ಯಾನ ಬರೆದೆ. ಬಸ್ ಸ್ಟ್ಯಾಂಡಿನ ಹತ್ತಿರದ ಮಲಯಾಳಿ ಹೋಟೆಲಿನಲ್ಲಿ ಪರೋಟ ಬಡಿಯುವ ಸದ್ದು ಕೇಳಿದವನು ಋಷಿಯಾಗಿದ್ದರೂ ತಪಸ್ಸು ಬಿಡುತ್ತಾನೆ. ನಾನು ಬರೀ ಲೆಕ್ಚರರು. ಮೂರು ತಿಂದೆ.

ಮೈದಾ ಒಳಗಿಳಿದ ಮೇಲೆ ಹೊಟ್ಟೆ ಮೈದಾನವಾಯಿತು. ಎರಡೂ ತಂಡ ಇಳಿದು ಫುಟ್‌ಬಾಲ್ ಆಡಿದವು. ನಾಲ್ಕನೇ ಪೀರಿಯಡ್ಡಿನ ನಡುವೆ ‘ಇನ್ನು ನೀವೇ ಓದಿಕೊಳ್ಳಿ’ ಎಂದು ಹೊರಗೆ ಹೋದವನು ಬೆಲ್ಲಾದ ಮೇಲೆ ಬಂದೆ. ಸ್ಟಾಫ್ ರೂಮಿನ ಕಾಫಿಯ ಹಾಲು ಸರಿಯಿಲ್ಲ. ಪ್ರಿನ್ಸಿಪಾಲರಿಗೆ ಬರೆದು ಕೊಡಬೇಕು.

ಬೆಲ್ಟಿಗೆ ಇನ್ನೊಂದು ತೂತು ಹೊಡೆಸಿದೆ, ಈ ವರ್ಷದಲ್ಲಿ ಮೂರನೆಯದು. ಈಗಿನ ಚರ್ಮ ಬಹಳ ಹಿಗ್ಗುತ್ತದೆ.

ಜೂನ್ 15, ಭಾನುವಾರ

ತಮ್ಮ ದೇವರಾಜು ಮಿರ್ಲೆಯಿಂದ ಫೋನ್ ಮಾಡಿದ್ದ. ಅವ್ವ ಇರುವುದು ಅವನ ಜೊತೆ.

‘ಏನಂತಣ್ಣ ಡಾಕ್ಟ್ರು? ಕೂಸಿಗೆ ಏನ್ ಕಾಯ್ಲೆ ಅಂತೆ?’

‘ಅಂಟಿನ ರೋಗ ಕಣ್ಲಾ’ ಎಂದೆ.

‘ಎಲ್ಲಿಂದ ಬಂತಣ್ಣ? ಅತ್ತಿಗೆ ಕಡೇದಾ?’

‘ಮತ್ತೆ? ಅಂಟು ಬರೋದು ನಂಟಿನ ಕಡೆಯಿಂದ ತಾನೇ. ಹಿಟ್ಟಿನ ಡಬ್ಬಿ, ಪಾತ್ರೆ ಎಲ್ಲಾ ಬೇರೆ ಇಡ್ಬೇಕಂತೆ’ ಎಂದೆ.

ಅಂಟು, ನಂಟು! ಮಾತಾಡುತ್ತ ಮಾತಾಡುತ್ತ ಹುಟ್ಟಿದ್ದು. ಇಂಥದ್ದನ್ನು ಕೇಳಿಯೂ ನಗದ ತಮ್ಮನನ್ನು ಪಡೆದದ್ದು ನನ್ನ ಕರ್ಮ. ರಾಣಿ ಹೂವು ಕಟ್ಟುತ್ತ ಕೂತಿದ್ದಳು. ಅವಳೂ ನಗಲಿಲ್ಲ.

ಜೂನ್ 21, ಶನಿವಾರ

ಸಾಕ್ಷಿ ಬಿದ್ದುಹೋಯಿತು.

ಡಾಕ್ಟರ್ ರಮ್ಯಾ ಅವರ ಮುಂದೆ ಹರ್ಷಿತಾಳ ತೂಕ ನೋಡಿದ್ದಾಯಿತು. ಮೂವತ್ತಾರೂವರೆ. ಅರ್ಧ ಕೇಜಿಗೆ ಡಾಕ್ಟರು ಕೈ ಕುಲುಕಿದರು. ಆಗ ನಾನು ಗಂಟಲು ಸರಿಮಾಡಿಕೊಂಡು, ಚೀಲದಿಂದ ಟವೆಲಿನಲ್ಲಿ ಸುತ್ತಿದ್ದ ಕುಳ್ಳಮ್ಮನನ್ನು ಹೊರತೆಗೆದು ಮೇಜಿನ ಮೇಲೆ ನಿಲ್ಲಿಸಿದೆ.

‘ಇದು ನಮ್ಮಜ್ಜಿ’ ಎಂದಳು ರಾಣಿ. ಮತ್ತೆ ಫೋಟೋವನ್ನೂ ನನ್ನನ್ನೂ ನೋಡಿದಳು. ‘ಅಪ್ಪ ಹದಿನೈದು ದಿನದಿಂದ ಹುಡುಕ್ತಾ ಅವ್ರೆ. ಬೆಕ್ಕು ಬೀಳಿಸ್ತು ಅಂತ ಬೆಕ್ಕನ್ನ ಬಯ್ತಾ ಅವ್ರೆ.’

‘ಕುತ್ತಿಗೆ ನೋಡಿ ಡಾಕ್ಟ್ರೇ’ ಎಂದೆ.

ಡಾಕ್ಟರು ಕನ್ನಡಕ ಏರಿಸಿ ನೋಡಿದರು. ‘ಆ ಕಾಲದಲ್ಲಿ ಉಪ್ಪಿನಲ್ಲಿ ಅಯೋಡಿನ್ ಇರ್ತಿರ್ಲಿಲ್ಲ ಸರ್. ಎಷ್ಟೋ ಜನಕ್ಕೆ ಹೀಗೆ ಗಂಟು ಬರ್ತಿತ್ತು. ಇದನ್ನ ನೋಡಿ ಏನೂ ಹೇಳೋಕಾಗಲ್ಲ.’ ಆಮೇಲೆ ಮೆಲ್ಲಗೆ, ‘ವಂಶವಾಹಿ ಅಪ್ಪನಿಂದಲೂ ಬರಬಹುದು, ಅಮ್ಮನಿಂದಲೂ ಬರಬಹುದು, ಇಬ್ಬರಿಂದ ಒಂದೊಂದು ಪಾಲೂ ಬರಬಹುದು. ಇದ್ದವರಿಗೆಲ್ಲ ಕಾಯಿಲೆ ಬರಲ್ಲ. ಬಿತ್ತಿದ್ದೆಲ್ಲ ಮೊಳೀತದಾ? ಸುಮ್ಮನೆ ಊಹೆ ಯಾಕೆ, ನೀವಿಬ್ಬರೂ ಒಂದು ಸಲ ರಕ್ತ ಕೊಟ್ಟುಬಿಡಿ. ತಂದೆ ತಾಯಿ ನೋಡಿಸಿಕೊಳ್ಳೋದು ಒಳ್ಳೇದು’ ಎಂದರು.

‘ನಾನು ಇವತ್ತೇ ಕೊಡ್ತೀನಿ’ ಎಂದಳು ರಾಣಿ.

ನನಗೆ ಮನೆಯಲ್ಲಿ ಉತ್ತರಪತ್ರಿಕೆ ತಿದ್ದುವುದಿತ್ತು. ಇನ್ನೊಂದು ದಿನ ಬರುತ್ತೇನೆಂದೆ. ಜೂನ್ ತಿಂಗಳಲ್ಲಿ ಯಾವ ಉತ್ತರಪತ್ರಿಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜೂನ್ 22, ಭಾನುವಾರ

ರಾಣಿ ಹಂಪಾಪುರಕ್ಕೆ ಹೋಗಿ ಅಜ್ಜಿಯನ್ನು ಗೋಡೆಗೆ ಸೇರಿಸಿ ಬಂದಳು. ಮಾವನವರು ಬೆಕ್ಕಿಗೆ ಹಾಲು ಹಾಕಿ ಕ್ಷಮೆ ಕೇಳಿದರಂತೆ. ನನ್ನ ಬಗ್ಗೆ ಏನೂ ಹೇಳಲಿಲ್ಲವಂತೆ.

ಬಾಯೊಳಗೆ ಹುಣ್ಣು. ಮಾತಾಡುವ ಅಗತ್ಯವೂ ಮನೆಯಲ್ಲಿ ಸದ್ಯಕ್ಕಿಲ್ಲ.

ಜುಲೈ 1, ಮಂಗಳವಾರ

ಹರ್ಷಿತಾಳಿಗೆ ಮೈಸೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿದೆ. ಹಾಸ್ಟೆಲ್ಲೂ ಸಿಕ್ಕಿದೆ. ಆಗಸ್ಟ್ ಹನ್ನೊಂದಕ್ಕೆ ಸೇರಬೇಕು. ಹಾಸ್ಟೆಲಿನವರು ರಾಗಿ, ಅಕ್ಕಿ ಬೇರೆ ಮಾಡಿಕೊಡಲು ಒಪ್ಪಿದ್ದಾರೆ.

‘ನಾನು ಹೋಗಲ್ಲ ಅಪ್ಪ’ ಎಂದಳು. ಯಾಕೆಂದರೆ ಹೇಳುವುದಿಲ್ಲ. ಪಿಯುಸಿಯಲ್ಲಿ ತೊಂಬತ್ತೊಂದು ಪರ್ಸೆಂಟು, ಕೆಮಿಸ್ಟ್ರಿ ಎಂದರೆ ಪ್ರಾಣ. ‘ಇಲ್ಲೇ ಏನಾದ್ರೂ ಮಾಡ್ಕೊಂಡಿರ್ತೀನಿ’ ಎನ್ನುತ್ತಾಳೆ. ಕೆಮಿಸ್ಟ್ರಿ ಕೈಬಿಟ್ಟವರಿಗೆ ಮಿಸ್ಟ್ರಿ ಉಳಿಯುತ್ತದೆ ಎಂದೆ. ಬಾಗಿಲು ಹಾಕಿಕೊಂಡಳು.

ನಾಲ್ಕು ದಿನ ಅಜ್ಜಿಯ ಹತ್ತಿರ ಇದ್ದು ಬರಲಿ, ಮನಸ್ಸು ತಿಳಿಯಾದೀತು ಎಂದು ಮಿರ್ಲೆಗೆ ಬಸ್ಸು ಹತ್ತಿಸಿದೆ.

ಜುಲೈ 3, ಗುರುವಾರ

ನಾಲ್ಕು ದಿನಕ್ಕೆಂದು ಹೋದವಳು ಎರಡೇ ದಿನಕ್ಕೆ ವಾಪಸು. ಚಪ್ಪಲಿ ಬಿಟ್ಟು ನೇರ ಕೋಣೆಗೆ. ಕೊನೆಗೆ ರಾಣಿ ಹೊರಗೆ ಬಂದು ಹೇಳಿದಳು.

ಮಿರ್ಲೆಯಲ್ಲಿ ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ. ಉಂಡ ತಟ್ಟೆ ತೊಳೆದು ಜಗಲಿಯ ಮೂಲೆಯಲ್ಲಿ ಬೋರಲು ಹಾಕಿದ್ದಾರೆ. ದೇವರಾಜುವಿನ ಚಿಕ್ಕ ಮಗಳು ಪುಟ್ಟಿ ಇವಳ ತೊಡೆಯೇರಿದರೆ, ಅವ್ವ ‘ಬಾರವ್ವ ಇತ್ಲಾಗೆ, ಅಕ್ಕನ್ನ ಮುಟ್ಬ್ಯಾಡ, ಅಂಟ್ಕತ್ತದೆ’ ಎಂದು ಎಳೆದುಕೊಂಡಿದ್ದಾಳೆ. ಹರ್ಷಿತಾ ಕೇಳಿದ್ದಕ್ಕೆ, ‘ನಿಮ್ಮಪ್ಪನೇ ಯೋಳದ್ನಂತಲ್ಲವ್ವ, ಅಂಟುರೋಗ ಅಂತ. ನಿಮ್ಮಮ್ಮನ ಕಡೇದಂತೆ, ಏನ್ಮಾಡಕ್ಕಾದ್ದು ಬುಡು’ ಎಂದಿದ್ದಾಳೆ.

ಅಂಟಿನ ರೋಗ. ಅಂಟುರೋಗ. ನಡುವೆ ಒಂದೇ ಒಂದು ‘ಇನ’. ಇಪ್ಪತ್ತೆಂಟು ವರ್ಷದಿಂದ ಷಷ್ಠೀ ವಿಭಕ್ತಿ ಪಾಠ ಮಾಡುತ್ತಿದ್ದೇನೆ.

‘ಇನ್ನೂ ಏನಾದ್ರೂ ಪದ ಇದ್ರೆ ಕಟ್ಟಿ’ ಎಂದಳು ರಾಣಿ. ‘ನಾನು ಹೂವು ಕಟ್ತೀನಿ, ನೀವು ಪದ ಕಟ್ಟಿ. ಮಗು ಮಾತ್ರ ಒಂದು ಕಡೆ ಕೂತು ಅಳ್ತಾ ಇರ್ಲಿ.’

ಜುಲೈ 4, ಶುಕ್ರವಾರ

ಕ್ಷಮೆ ಕೇಳಲು ಹೋದೆ. ಸಿದ್ಧತೆಯಿಲ್ಲದೆ ಹೋಗುವ ಅಭ್ಯಾಸವಿಲ್ಲ. ರೋಗದ ಮೂಲ ಹುಡುಕಲೆಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಎರಡೂ ಕಡೆಯ ವಂಶಾವಳಿ ಬರೆದಿಟ್ಟಿದ್ದ ಹಾಳೆ ಹಿಡಿದು, ಇದನ್ನು ಇವತ್ತೇ ಹರಿಯುತ್ತೇನೆ ಎಂದೆ. ನಮ್ಮ ಕಡೆ ಹಕಾರ ಹಾರಿಹೋಗುವುದರಿಂದ ವಂಶದ ಆವಳಿಗೂ ಹಾವಳಿಗೂ ವ್ಯತ್ಯಾಸವಿಲ್ಲ ಎಂದೂ ಸೇರಿಸಿದೆ.

ಹರ್ಷಿತಾ ಹಾಳೆ ಕಸಿದುಕೊಂಡಳು. ‘ಹರೀಬೇಡ. ಹುಡುಕು. ನಿಂಗೆ ಬೇಕಾಗಿರೋದು ಯಾರ ಮೇಲೆ ಹಾಕೋದು ಅಂತ. ನಂಗೆ ಬೇಕಾಗಿರೋದು ನನ್ನ ಥರ ಇನ್ನೊಬ್ರು ಇದ್ರಾ ಅಂತ. ಇದ್ರೆ ಅವ್ರು ಹೆಂಗೆ ಕಾಲೇಜಿಗೆ ಹೋದ್ರು, ಹೆಂಗೆ ನಾಲ್ಕು ಜನರ ಮಧ್ಯೆ ಕೂತ್ರು ಅಂತ ಕೇಳ್ಬೇಕಿತ್ತು.’

ಆಮೇಲೆ ಗೋಡೆ ನೋಡಿಕೊಂಡು ಹೇಳಿದಳು. ಫೆಬ್ರವರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಲ್ಯಾಬಿನಲ್ಲಿ ತಡೆಯಲಾಗಲಿಲ್ಲವಂತೆ. ಬಾಗಿಲವರೆಗೆ ಓಡಿದಳಂತೆ. ಬಾಗಿಲವರೆಗೆ ಮಾತ್ರ. ಇಬ್ಬರು ಹುಡುಗಿಯರು ನೋಡಿದರಂತೆ. ಅವರಿಬ್ಬರೂ ಅದೇ ಮೈಸೂರಿನ ಕಾಲೇಜಿಗೆ ಸೇರಿದ್ದಾರಂತೆ.

‘ನಿಂಗೆ ಯಾವತ್ತಾದ್ರೂ ಹಂಗಾಗಿತ್ತಾ ಅಪ್ಪ?’

‘ಛೆ, ಇಲ್ಲ’ ಎಂದೆ. ‘ನಮ್ಮದು ಮಿರ್ಲೆ ಹೊಟ್ಟೆ.’

‘ಗೊತ್ತು’ ಎಂದು ಹಾಳೆ ಮಡಿಸಿ ವಾಪಸು ಕೊಟ್ಟಳು.

ಜುಲೈ 5, ಶನಿವಾರ

ಬರೆಯುವಂಥದ್ದು ಏನೂ ಇಲ್ಲ.

ಜುಲೈ 13, ಭಾನುವಾರ

ಮಿರ್ಲೆಗೆ ಹೋಗಿ ಬಂದೆ. ಅವ್ವ ತಿಮ್ಮಮ್ಮ ಹಿತ್ತಿಲ ಬಾಗಿಲಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಎಂಬತ್ತು ದಾಟಿದರೂ ಒಂದು ಕಲ್ಲು ತಪ್ಪುವುದಿಲ್ಲ.

‘ಅದು ಅಂಟೋ ರೋಗ ಅಲ್ಲ ಕಣವ್ವ. ಅಂಟಿಂದ ಬರೋ ರೋಗ.’

‘ಅಂಟಿಂದ ಬಂದ್ಮ್ಯಾಲೆ ಅಂಟ್ಕೊಂಡೇ ಬಂದಿರ್ತದಲ್ಲ.’

‘ಅಂಟು ಅಂದ್ರೆ ಗೋಧೀಲಿರೋ ಅಂಟು. ಹಿಟ್ಟು ಕಲಸಿದ್ರೆ ಕೈಗೆ ಮೆತ್ಕೊಳ್ಳಲ್ವಾ, ಅದು.’

‘ಮತ್ತೆ ಪಾತ್ರೆ ಬ್ಯಾರೆ ಮಡಗಿ ಅಂತ ಡಾಕ್ಟ್ರೇ ಅಂದವ್ರೆ ಅಂತಂದ ದೇವ್ರಾಜ.’

‘ನಮ್ಮ ಗೋಧಿ ಅವಳಿಗೆ ಸೋಕಬಾರ್ದು ಅಂತ. ಅವಳಿಂದ ನಮಗೇನೂ ಬರಲ್ಲ. ಬಂದ್ರೆ ನಮ್ಮಿಂದ ಅವಳಿಗೆ.’

ಅವ್ವ ಮೊರ ಇಳಿಸಿದಳು. ‘ಅಂಗಾರೆ ಅಂಟುರೋಗದೋರು ನಾವು ಅನ್ನು. ಆ ಕೂಸ್ನ ದೂರ ಕೂರಿಸ್ದೆನಲ್ಲೋ. ಎಂಥ ಮಾತಾಡ್ದೆ ನೀನು ದೇವ್ರಾಜಂತವ. ಓದ್ದೋನು, ಬುಡಿಸಿ ಯೋಳಕ್ಕೆ ಏನಾಗಿತ್ತು ನಿಂಗೆ?’ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ದೇವರಾಜುವನ್ನು ಕರೆದು ಜಗಲಿಯ ಮೂಲೆಯ ತಟ್ಟೆ ಲೋಟ ಒಳಗೆ ತರಿಸಿ, ಎಲ್ಲರ ತಟ್ಟೆಯ ನಡುವೆ ಸೇರಿಸಿಟ್ಟಳು.

ಮತ್ತೆ ಮೊರ ಎತ್ತಿಕೊಂಡವಳು, ಕೇರದೆ, ನನ್ನ ಮುಖವನ್ನೇ ನೋಡಿದಳು. ‘ಗೋಧಿ ಅಂದ್ಯಲ್ಲ ಕನಕ. ನೀನು ಮೂರ್ನೇ ಕ್ಲಾಸ್ನಾಗಿದ್ದಾಗ...’

ಅವ್ವ ಏನೋ ಹಳೆಯ ಮಾತು ತೆಗೆದಳು. ವಯಸ್ಸಾದವರಿಗೆ ನೆನಪು ಹೆಚ್ಚು, ಔಚಿತ್ಯ ಕಡಿಮೆ. ಇಲ್ಲಿ ಬರೆಯುವಂಥದ್ದಲ್ಲ. ಸಾಲಿಗ್ರಾಮದ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅರಳಿಕಟ್ಟೆಯ ಮೇಲೆ ಕೂತಿದ್ದೆ.

ಜುಲೈ 19, ಶನಿವಾರ

ರಾಣಿಯ ರಕ್ತ ಪರೀಕ್ಷೆ ಬಂದು ಬಹಳ ದಿನವಾಗಿದೆ. ಏನೂ ಇಲ್ಲ. ಅದನ್ನು ಫ್ರಿಜ್ಜಿನ ಮೇಲೆ ಆಯಸ್ಕಾಂತ ಹಾಕಿ ಅಂಟಿಸಿದ್ದಾಳೆ. ನೀರು ಕುಡಿಯಲು ಹೋದಾಗಲೆಲ್ಲ ಓದಬೇಕು.

ಇಂದು ನಾನೂ ತೋಳು ಚಾಚಿದೆ. ಯಾರೂ ಬಲವಂತ ಮಾಡಲಿಲ್ಲ. ಸೂಜಿ ಚುಚ್ಚುವ ಮುನ್ನ ಡಾಕ್ಟರು ಕೇಳಿದರು: ‘ಒಂದು ವಿಷಯ ಸರ್. ಗೋಧಿ ತಿನ್ನುತ್ತಾ ಇದ್ರೆ ಮಾತ್ರ ಈ ಟೆಸ್ಟು ಸರಿಯಾಗಿ ಗೊತ್ತಾಗೋದು. ಮಗಳ ಜೊತೆ ನೀವೂ ಬಿಟ್ಟಿದ್ದೀರಿ ಅಂದ್ರಲ್ಲ. ಹಾಗಾದ್ರೆ ಈಗ ಮಾಡಿ ಪ್ರಯೋಜನ ಇಲ್ಲ.’

ಒಂದು ಕಡೆ ರಾಣಿ. ಇನ್ನೊಂದು ಕಡೆ ಹರ್ಷಿತಾ. ‘ಅಪ್ಪ ಜೂನ್ ಹತ್ತರಿಂದ ಒಂದು ಚೂರೂ ಮುಟ್ಟಿಲ್ಲ’ ಎಂದಳು ಮಗಳು. ಹೆಮ್ಮೆಯಿಂದ ಹೇಳಿದಳು, ಅದೇ ಕಷ್ಟವಾದದ್ದು.

‘ಮಾಡಿ ಡಾಕ್ಟ್ರೇ. ಸರಿಯಾಗಿಯೇ ಬರುತ್ತೆ’ ಎಂದೆ.

‘ಹೇಗೆ ಸರ್?’

‘ಪರೋಟ.’

‘ಯಾವಾಗ ತಿಂದ್ರಿ?’

‘ವಾರಕ್ಕೆ ಮೂರು ದಿನ. ಮೊನ್ನೆ ನಾಲ್ಕು.’

ಡಾಕ್ಟರು ಕೆಮ್ಮಿದರು. ರಾಣಿ ಚಾವಣಿಯ ಫ್ಯಾನು ನೋಡಿದಳು. ಹರ್ಷಿತಾ ಮಾತ್ರ ನನ್ನ ತೋಳಿನ ಕಡೆ ನೋಡುತ್ತ, ‘ಅಪ್ಪ, ನಿನ್ನ ತೋಳು ಯಾಕೆ ಇಷ್ಟು ಸಣ್ಣ ಆಗಿದೆ?’ ಎಂದಳು.

ಜುಲೈ 26, ಶನಿವಾರ

ರಿಪೋರ್ಟು ಬಂತು. ಅಕ್ಷರ ಬಹಳ ಚಿಕ್ಕದು. ಹತ್ತರೊಳಗೆ ಇರಬೇಕಾದ ಅಂಕಿ ನೂರ ನಲವತ್ತು ದಾಟಿದೆ. ಜೀವನದಲ್ಲಿ ಇಷ್ಟು ಅಂಕ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಆಗಸ್ಟ್ 2, ಶನಿವಾರ

ಕೊಳವೆ ಇಳಿಸಿ ನೋಡಿದ್ದೂ ಆಯಿತು. ಕರುಳಿನ ಒಳಗೋಡೆಯಲ್ಲಿ ನಿಂತಿರಬೇಕಾದ ಪೈರು ಕೊಯ್ದ ಗದ್ದೆಯಂತೆ ಸಪಾಟಾಗಿದೆಯಂತೆ. ನನ್ನದೂ ಸೀಲಿಯಾಕ್. ಬಹಳ ವರ್ಷದ್ದಿರಬಹುದಂತೆ.

‘ಹಾಗಾದ್ರೆ ಇವ್ರದೇ’ ಎಂದಳು ರಾಣಿ. ಕಾದಿದ್ದ ವಾಕ್ಯ, ಆದರೆ ಅದರಲ್ಲಿ ಖಾರ ಇರಲಿಲ್ಲ.

‘ನಿಮ್ಮ ಕಡೆಯಿಂದಲೂ ಒಂದು ಪಾಲು ಬಂದಿರಬಹುದಮ್ಮ, ಕಾಯಿಲೆ ಇಲ್ಲದೇ ಇದ್ರೂ. ಇದರಲ್ಲಿ ತಪ್ಪಿತಸ್ಥರು ಯಾರೂ ಇಲ್ಲ’ ಎಂದರು ಡಾಕ್ಟರು. ನನ್ನನ್ನು ಕೇಳಿದರು: ‘ಚಿಕ್ಕಂದಿನಲ್ಲಿ ಏನಾದ್ರೂ ತೊಂದರೆ ಇತ್ತಾ ಸರ್?’

‘ನೆನಪಿಲ್ಲ’ ಎಂದೆ.

ಮನೆಗೆ ಬಂದ ಮೇಲೆ ರಾಣಿ ನನ್ನ ತಟ್ಟೆಗೆ ಎರಡನೇ ಮುದ್ದೆ ಇಟ್ಟಳು. ‘ಈವತ್ತಿಂದ ಹೊಸ್ತಿಲಾಚೆಗೂ ಇದೇ’ ಎಂದಳು. ಹೊಸ್ತಿಲಿನ ವ್ಯಾಖ್ಯಾನವನ್ನು ನಾನು ಈ ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಬರೆದಿಲ್ಲ. ಇದನ್ನಿಡುವ ಬೀರುವಿನ ಬೀಗದ ಕೈ ಇನ್ನು ಮೇಲೆ ಜನಿವಾರದ ಹಾಗೆ ಮೈಮೇಲೆಯೇ ಇರಬೇಕು. ನಮ್ಮವರಲ್ಲಿ ಜನಿವಾರ ಇಲ್ಲ, ಉಡಿದಾರಕ್ಕೆ ಕಟ್ಟುತ್ತೇನೆ.

ಆಗಸ್ಟ್ 10, ಭಾನುವಾರ

ನಾಳೆ ಹಾಸ್ಟೆಲಿಗೆ ಸೇರುವ ದಿನ. ಬೆಳಿಗ್ಗೆ ನೋಡಿದರೆ ಹರ್ಷಿತಾಳ ಸೂಟ್‌ಕೇಸು ಮಂಚದ ಮೇಲೆ ಬಾಯಿ ತೆರೆದುಕೊಂಡು ಖಾಲಿ ಬಿದ್ದಿತ್ತು. ರಾಣಿ ಎರಡು ಸಲ ಬಟ್ಟೆ ತುಂಬಿದ್ದಾಳೆ, ಇವಳು ಎರಡು ಸಲ ತೆಗೆದಿಟ್ಟಿದ್ದಾಳೆ. ತೂಕ ಈಗ ಮೂವತ್ತೊಂಬತ್ತು. ಆದರೂ ಹೋಗುವುದಿಲ್ಲ.

ಮಗಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಏದುಸಿರು ಬಿಡದೆ ಮೆಟ್ಟಿಲು ಹತ್ತಿದೆ, ಒಂದು ವಾರ ಬರೀ ಮುದ್ದೆ ತಿಂದದ್ದಕ್ಕೆ ಇಷ್ಟಾಗುತ್ತದೆಯೋ ಏನೋ. ಮಾತಿನ ಸಿದ್ಧತೆ ಮಾಡಿಕೊಂಡಿರಲಿಲ್ಲ. ಒಂದು ಪದವೂ ಹೊಳೆಯಲಿಲ್ಲ. ಒದ್ದೆ ಟವೆಲಿನ ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ಹಿಂಡಿದೆವು. ಹಿಂಡುತ್ತಲೇ ಹೇಳಿಬಿಟ್ಟೆ.

ಮಿರ್ಲೆ. ಮೂರನೇ ಕ್ಲಾಸು. ಆಗ ಶಾಲೆಯಲ್ಲಿ ಮಧ್ಯಾಹ್ನ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಮನೆಯಲ್ಲಿ ಮೂರು ಹೊತ್ತೂ ರಾಗಿ ಕಂಡ ಮಕ್ಕಳಿಗೆ ಅದು ಮದುವೆ ಊಟ. ಎಲ್ಲರೂ ತಿಂದು ಆಡಲು ಓಡುತ್ತಿದ್ದರು. ನಾನು ಮಾತ್ರ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದೆ. ಒಂದು ದಿನ ಮಗ್ಗಿ ಒಪ್ಪಿಸಲು ಎದ್ದು ನಿಂತೆ, ಹನ್ನೆರಡರ ಮಗ್ಗಿ ಮುಗಿಯುವ ಮುಂಚೆ ಚಡ್ಡಿಯಲ್ಲಿ ಎಲ್ಲ ಮುಗಿದಿತ್ತು.

ಹರ್ಷಿತಾ ಟವೆಲು ಬಿಟ್ಟಳು. ‘ಎಲ್ಲಾರ ಮುಂದೆ?’

‘ಎಲ್ಲರ ಮುಂದೆ. ಮೇಷ್ಟ್ರು ಮೂಗು ಮುಚ್ಚಿಕೊಂಡು ಹನ್ನೆರಡೆಂಟ್ಲೆ ಎಷ್ಟು ಅಂತ ಕೇಳಿದರು.’

‘ನೀನೇನಂದೆ?’

‘ತೊಂಬತ್ತಾರು ಅಂದೆ. ಲೆಕ್ಕ ತಪ್ಪಿರಲಿಲ್ಲ.’

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ. ನೀರಿನ ಟ್ಯಾಂಕಿಗೆ ಒರಗಿ, ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಟ್ಟೆ ಹಿಡಿದುಕೊಂಡದ್ದು ನಗುವಿಗಾಗಿ ಎನ್ನುವುದೇ ಎರಡು ವರ್ಷದಲ್ಲಿ ಹೊಸದು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: ‘ಮಾರನೇ ದಿನ ಏನ್ಮಾಡ್ದೆ?’

‘ಶಾಲೆಗೆ ಹೋದೆ. ಅವ್ವ ಬೆತ್ತ ಹಿಡ್ಕೊಂಡು ಬಾಗಿಲವರೆಗೆ ಬಂದಳು. ಹುಡುಗ್ರು ನಕ್ಕರು. ಗೌರಿಹಬ್ಬದವರೆಗೆ ನಕ್ಕರು. ಆಮೇಲೆ ನಗೋದಕ್ಕೆ ಬೇರೆ ಯಾರೋ ಸಿಕ್ಕಿದರು.’

‘ಎಷ್ಟು ಸಲ ಆಗಿತ್ತಪ್ಪ ಹಂಗೆ?’

‘ಒಂದೇ ಸಲ’ ಎಂದೆ.

‘ನಂಗೂ ಒಂದೇ ಸಲ’ ಎಂದು ಎದ್ದು, ಬಟ್ಟೆ ಹಾಗೇ ಬಿಟ್ಟು, ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ‘ಅಮ್ಮ, ನನ್ನ ಲ್ಯಾಬ್ ಏಪ್ರನ್ ಎಲ್ಲಿಟ್ಟಿದ್ದೀಯ’ ಎಂದು ಕೇಳುವುದು ಕಿವಿಗೆ ಬಿತ್ತು. ಈಗ ಸೂಟ್‌ಕೇಸಿನ ಮೇಲೆ ತಾಯಿ ಮಗಳಿಬ್ಬರೂ ಕೂತು ಜಿಪ್ ಎಳೆಯುತ್ತಿದ್ದಾರೆ.

ಈ ದಿನಚರಿಯನ್ನು ಯಾರೂ ಓದುವುದಿಲ್ಲ ಎಂಬ ಭರವಸೆಯಿಂದ ಎರಡು ತಿದ್ದುಪಡಿ ದಾಖಲಿಸುತ್ತೇನೆ. ನೆನಪಿಲ್ಲ ಎಂದು ಡಾಕ್ಟರಿಗೆ ಹೇಳಿದ್ದು ಸುಳ್ಳು. ಜೂನ್ ಆರರಂದು ಅವರು ‘ಯಾರಿಗಾದ್ರೂ ಗೋಧಿ ಆಗದೇ ಇರೋದು?’ ಎಂದು ಕೇಳಿದ ತಕ್ಷಣ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಆ ಚಡ್ಡಿಯೇ. ಅದನ್ನು ಮುಚ್ಚುವ ಅವಸರದಲ್ಲಿ ಒಂದು ಇಡೀ ಊರನ್ನು ಎಳೆದು ಹೊದಿಸಿದೆ.

ಮತ್ತು ಒಂದೇ ಸಲ ಅಲ್ಲ. ಐದು ಸಲ. ಐದನೆಯದು ಆಗಸ್ಟ್ ಹದಿನೈದರಂದು, ಊರಿನವರೆಲ್ಲ ನೆರೆದಿದ್ದಾಗ, ಧ್ವಜದ ಕಂಬದ ಬುಡದಲ್ಲಿ. ಸಾಲಿನ ಮುಂದೆ ನಿಂತು ‘ಸಾವಧಾನ್’ ಎಂದು ಕೂಗಿದ ಲೀಡರು ನಾನೇ.